ಅಜ್ಜಿಯ ಪದ ‘ಆರ್‌ಎಂ’ ಫೈಲಿನಲ್ಲಿದ್ದರೆ: ಹಳೇ ರಿಯಲ್‌ಆಡಿಯೊ ಸೀಡಿಯಿಂದ ದನಿ ಉಳಿಸಿಕೊಳ್ಳುವುದು ಹೇಗೆ

ನಮ್ಮ ಮನೆಯ ಅಟ್ಟದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರೊಳಗೆ ಹನ್ನೊಂದು ಸೀಡಿ. ಒಂದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಅಜ್ಜಿ ಪದ 2001’ ಅಂತ ಬರೆದಿತ್ತು.

ಭರಮಸಾಗರದ ಕಡೆಯ ನಮ್ಮ ಅಜ್ಜಿ ಬೀಸುವ ಪದ, ಸೋಬಾನೆ ಪದ ಹಾಡುತ್ತಿದ್ದರು. ಚಿಕ್ಕಪ್ಪ ಅದನ್ನು ಕ್ಯಾಸೆಟ್ಟಿಗೆ ತುಂಬಿಸಿದ್ದರು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮಣ್ಣ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿ ಸೀಡಿ ಮಾಡಿದ. ಕ್ಯಾಸೆಟ್ ಈಗಿಲ್ಲ, ಬೂಷ್ಟು ಹಿಡಿದು ಹೋಯಿತು. ಅಜ್ಜಿಯೂ ಇಲ್ಲ. ಉಳಿದದ್ದು ಸೀಡಿಯೊಳಗಿನ ಹದಿನಾಲ್ಕು ಫೈಲು. ಎಲ್ಲದರ ಹೆಸರಿನ ಕೊನೆಗೂ ‘ಡಾಟ್ ಆರ್‌ಎಂ’, ಅಂದರೆ ರಿಯಲ್‌ಆಡಿಯೊ ಅನ್ನುವ ಹಳೇ ಬಗೆಯ ದನಿ ಫೈಲು. ಡಬಲ್ ಕ್ಲಿಕ್ ಮಾಡಿದರೆ, ಇದನ್ನು ಯಾವುದರಲ್ಲಿ ತೆರೆಯಲಿ ಅಂತ ಕಂಪ್ಯೂಟರ್ ನಮ್ಮನ್ನೇ ಕೇಳುತ್ತದೆ.

ಇಂಥ ಸೀಡಿ ನಮ್ಮ ಮನೆಯಲ್ಲಿ ಮಾತ್ರ ಇಲ್ಲ ಅಂತ ನನಗೆ ಗೊತ್ತು. ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮನೆಗಳಲ್ಲಿ ಮದುವೆ ಹಾಡು, ಹರಿಕಥೆ, ಯಾರೋ ಓದುವಾಗ ಮಾಡಿದ ಜಾನಪದ ಸಂಗ್ರಹ ಹೀಗೇ ಕೂತಿರಬಹುದು. ಅದನ್ನು ಹೊರಗೆ ತೆಗೆಯುವ ದಾರಿಯನ್ನು, ನಾನು ಮಾಡಿದ ತಪ್ಪುಗಳ ಸಮೇತ, ಇಲ್ಲಿ ಬರೆದಿದ್ದೇನೆ. ಒಂದೇ ಮಾತು ಮೊದಲೇ ಹೇಳಿಬಿಡುತ್ತೇನೆ: ಆ ಹಳೇ ಫೈಲನ್ನು ಯಾವತ್ತೂ ಅಳಿಸಬೇಡಿ. ಕ್ಯಾಸೆಟ್ ಹೋದ ಮೇಲೆ ಅದೇ ನಿಮ್ಮ ಮೂಲ.

ಆ ಕಾಲದಲ್ಲಿ ಇದನ್ನೇ ಯಾಕೆ ಬಳಸಿದರು

ರಿಯಲ್‌ಆಡಿಯೊ ಬಂದದ್ದು 1995ರ ಏಪ್ರಿಲ್‌ನಲ್ಲಿ. ಅಮೆರಿಕದ ಸಿಯಾಟಲ್‌ನ ಪ್ರೋಗ್ರೆಸಿವ್ ನೆಟ್‌ವರ್ಕ್ಸ್ ಅನ್ನುವ ಕಂಪನಿ ಮಾಡಿದ್ದು. ಇದೇ ಮುಂದೆ ರಿಯಲ್‌ನೆಟ್‌ವರ್ಕ್ಸ್ ಆಯಿತು. ಫೈಲ್ ಪೂರ್ತಿ ಇಳಿಯುವ ತನಕ ಕಾಯದೆ, ಇಳಿಯುತ್ತಿರುವಾಗಲೇ ಕೇಳಬಹುದು ಅನ್ನುವುದು ಆಗ ದೊಡ್ಡ ಸುದ್ದಿ. ಅದೇ ವರ್ಷ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್‌ನೆಟ್ ಕೊಡಲು ಶುರು ಮಾಡಿತು. ಟೆಲಿಫೋನ್ ತಂತಿಯ ಮೇಲೆ ಬರುತ್ತಿದ್ದ ಆ ನಿಧಾನದ ಇಂಟರ್‌ನೆಟ್ಟಿಗೆ ರಿಯಲ್‌ಆಡಿಯೊ ಸರಿಯಾಗಿ ಹೊಂದುತ್ತಿತ್ತು.

ಒಂದು ಲೆಕ್ಕ ನೋಡಿ. ಸೀಡಿ ಗುಣಮಟ್ಟದ ದನಿ ಒಂದು ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ. 20 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 20 ಕಿಲೋಬಿಟ್ ಬಳಸುವ, ರಿಯಲ್‌ಆಡಿಯೊದಲ್ಲಿ ಅದೇ ಒಂದು ಗಂಟೆ 9 ಎಂಬಿ. 1.44 ಎಂಬಿಯ ಒಂದು ಫ್ಲಾಪಿಯಲ್ಲಿ ಹತ್ತಿರ ಹತ್ತಿರ ಹತ್ತು ನಿಮಿಷದ ಹಾಡು ಹಿಡಿಯುತ್ತಿತ್ತು. 128 ಕೆಬಿಪಿಎಸ್‌ನ ಎಂಪಿ3 ಆಗಿದ್ದರೆ ಒಂದೂವರೆ ನಿಮಿಷ. ನಮ್ಮಣ್ಣ ಆರ್‌ಎಂ ಆರಿಸಿಕೊಂಡದ್ದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆಗಿನ ಹಾರ್ಡ್ ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ.

ತೊಡಕು ಎರಡು. ಒಂದು, ಇದು ಕಂಪನಿಯ ಸ್ವಂತ ಸೊತ್ತು. ದನಿಯನ್ನು ಹೇಗೆ ಕುಗ್ಗಿಸುತ್ತೇವೆ ಅನ್ನುವ ಗುಟ್ಟನ್ನು ಅವರು ಬಿಟ್ಟುಕೊಡಲಿಲ್ಲ. ಹಾಗಾಗಿ ಬೇರೆ ಪ್ಲೇಯರ್‌ಗಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಮುಂದೆ ಮುಕ್ತ ತಂತ್ರಾಂಶದ ಹುಡುಗರು ಫೈಲುಗಳನ್ನು ಬಿಚ್ಚಿ ಬಿಚ್ಚಿ ನೋಡಿ, ಒಳಗಿನ ಲೆಕ್ಕ ಕಂಡುಹಿಡಿದು, ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಧನಕ್ಕೆ ಸೇರಿಸಿದರು. ಇವತ್ತು ನಮ್ಮ ಕೆಲಸ ಆಗುತ್ತಿರುವುದು ಅವರಿಂದ. ಎರಡು, ಕುಗ್ಗಿಸುವಾಗ ದನಿಯ ಒಂದು ಭಾಗವನ್ನು ಎಸೆದುಬಿಡುತ್ತದೆ. ಎಸೆದದ್ದು ವಾಪಸ್ ಬರುವುದಿಲ್ಲ.

ಮೊದಲು ಕ್ಯಾಸೆಟ್ ಹುಡುಕಿ

ಸೀಡಿ ಮುಟ್ಟುವ ಮುಂಚೆ ಒಂದು ವಾರ ಇದಕ್ಕೆ ಕೊಡಿ. ಊರಿಗೆ ಫೋನ್ ಮಾಡಿ. ಚಿಕ್ಕಮ್ಮನ ಟ್ರಂಕು, ಸೋದರಮಾವನ ಅಲಮಾರು, ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆ ಎಲ್ಲ ನೋಡಿಸಿ. ಕ್ಯಾಸೆಟ್ ಸಿಕ್ಕಿದರೆ ಈ ಆರ್‌ಎಂ ಫೈಲಿಗಿಂತ ಹತ್ತು ಪಟ್ಟು ಮೇಲು. ಅದರಿಂದ ಹೊಸದಾಗಿ ರೆಕಾರ್ಡ್ ಮಾಡಿಸಿ. ಬಿಳಿ ಬೂಷ್ಟು ಕಂಡರೆ ಮಾತ್ರ ಸುಮ್ನೆ ಟೇಪ್ ರೆಕಾರ್ಡರಿಗೆ ಹಾಕಬೇಡಿ. ಟೇಪೂ ಹಾಳು, ಹೆಡ್ಡೂ ಹಾಳು.

ನಮಗೆ ಸಿಗಲಿಲ್ಲ. ಆದ್ದರಿಂದ ಸೀಡಿಗೇ ಬರೋಣ.

ಸೀಡಿಯಿಂದ ಕಂಪ್ಯೂಟರಿಗೆ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀಡಿ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಬೇಕು. ಕೊಳ್ಳಲೇಬೇಕು ಅಂತಿಲ್ಲ, ಗೆಳೆಯರ ಹತ್ತಿರ ಕೇಳಿ ನೋಡಿ.

ಸೀಡಿಯನ್ನು ಅಂಚಿನಲ್ಲಿ ಹಿಡಿಯಿರಿ. ಧೂಳಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದ ಹಾಗೆ ಸುತ್ತ ತಿಕ್ಕಬೇಡಿ. ದನಿಯ ಗೆರೆ ಇರುವುದು ಸುತ್ತಿನಲ್ಲಿ. ನಿಮ್ಮ ಗೀರೂ ಸುತ್ತಿನಲ್ಲೇ ಬಿದ್ದರೆ ಉದ್ದಕ್ಕೂ ಓದಲು ಬರುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸೀಡಿಯಲ್ಲಿ ಮಾಹಿತಿಯ ಪದರ ಇರುವುದು ಹೊಳೆಯುವ ಬದಿಗಲ್ಲ, ಹೆಸರು ಬರೆಯುವ ಬದಿಗೆ ಹತ್ತಿರ. ಕೆಳಗಿನ ಗೀರು ಎಷ್ಟೋ ಸಲ ತಡೆದುಕೊಳ್ಳುತ್ತದೆ, ಮೇಲಿನ ಗೀರು ತಡೆಯುವುದಿಲ್ಲ. ಹಳೇ ಸ್ಟಿಕ್ಕರ್ ಅಂಟಿಸಿದ್ದರೆ ಕೀಳಲು ಹೋಗಬೇಡಿ. ಅದರ ಜೊತೆ ಪದರವೇ ಎದ್ದು ಬರಬಹುದು.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಬರೆದ ಸೀಡಿಯಲ್ಲಿ ಬಣ್ಣದ ಒಂದು ಪದರ ಇರುತ್ತದೆ. ಬಿಸಿಲು, ಬೆಳಕು, ಕಾವು ಮೂರೂ ಅದಕ್ಕೆ ಆಗದು. ತಗಡಿನ ಮಾಡಿನ ಕೆಳಗೆ ಇಪ್ಪತ್ತು ಬೇಸಿಗೆ ಕಳೆದ ಸೀಡಿ ಒಂದೇ ಸಲಕ್ಕೆ ಓದಿಸಿಕೊಳ್ಳಲಿ ಅಂತ ಕಾಯಬೇಡಿ. ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಡ್ರೈವಿಗೆ ಹಾಕಿ. ಡ್ರೈವಿಂದ ಡ್ರೈವಿಗೆ ಓದುವ ಶಕ್ತಿ ಬೇರೆ. ನಮ್ಮ ಸೀಡಿ ಎರಡು ಡ್ರೈವಿನಲ್ಲಿ ಒಂಬತ್ತನೇ ಫೈಲಿಗೆ ನಿಂತುಬಿಟ್ಟಿತು. ಮೂರನೆಯದು, ಯಾರೋ ಮೂಲೆಗಿಟ್ಟಿದ್ದ ಹಳೇ ಡೆಸ್ಕ್‌ಟಾಪ್, ಎಲ್ಲವನ್ನೂ ಓದಿತು. ಅಲ್ಲೂ ಆಗದಿದ್ದರೆ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನ ಇದೆ. ಲಿನಕ್ಸ್‌ನಲ್ಲಿ ಓಡುತ್ತದೆ. ಕೆಟ್ಟ ಜಾಗ ಬಿಟ್ಟು ಒಳ್ಳೆಯದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಕೆಟ್ಟದ್ದನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಸೀಡಿಯಲ್ಲಿರುವುದನ್ನೆಲ್ಲ ನಕಲು ಮಾಡಿ, ಆರ್‌ಎಂ ಮಾತ್ರ ಅಲ್ಲ. ನಮ್ಮದರಲ್ಲಿ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇತ್ತು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಕೆಟ್ಟಿದೆ ಅಂತ ಬಿಡುವವನಿದ್ದೆ. ಆಮೇಲೆ ಹೊಳೆಯಿತು. ಈಗ ಎಲ್ಲ ಕಂಪ್ಯೂಟರೂ ಓದುವ ಯೂನಿಕೋಡ್ ಅಕ್ಷರ ಪದ್ಧತಿ ಬಳಕೆಗೆ ಬರುವ ಮುಂಚೆ, ಅದನ್ನು ಹಳೇ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದು. ‘ನುಡಿ’, ‘ಬರಹ’ ಅನ್ನುವ ಕನ್ನಡ ತಂತ್ರಾಂಶಗಳ ಹಳೇ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ. ಹದಿನಾಲ್ಕು ಪದಗಳ ಮೊದಲ ಸಾಲು ಒಂದೊಂದಾಗಿ ಎದ್ದು ನಿಂತವು. ಕಣ್ಣು ತುಂಬಿ ಬಂತು.

ಫೈಲು ಬರೀ 1 ಕೆಬಿ ಇದ್ದರೆ

ಇದು ದೊಡ್ಡ ಮೋಸ. ಹೆಸರಿನ ಕೊನೆಗೆ ‘ಡಾಟ್ ರಾಮ್’ ಅಂತಿದ್ದು, ಗಾತ್ರ 1 ಕೆಬಿ ಇದ್ದರೆ, ಅದರೊಳಗೆ ದನಿ ಇಲ್ಲ. ದನಿ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇದೆ. ಆಗ ಸೈಬರ್ ಕೆಫೆಯಲ್ಲಿ ಹಾಡು ಇಳಿಸಿಕೊಂಡೆವು ಅಂದುಕೊಂಡು ಎಷ್ಟೋ ಜನ ಈ ಚೀಟಿಯನ್ನೇ ಮನೆಗೆ ತಂದಿದ್ದಾರೆ.

ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಒಂದು ಸಾಲು ಕಾಣುತ್ತದೆ. ಅದು ‘ಎಚ್‌ಟಿಟಿಪಿ’ ಅಂತ ಶುರುವಾದರೆ ಒಂಚೂರು ಆಸೆ ಇಟ್ಟುಕೊಳ್ಳಬಹುದು. ಹಳೇ ಜಾಲತಾಣಗಳ ನಕಲು ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ಗೆ ಆ ವಿಳಾಸ ಹಾಕಿ ನೋಡಿ. ‘ಆರ್‌ಟಿಎಸ್‌ಪಿ’ ಅಥವಾ ‘ಪಿಎನ್‌ಎಂ’ ಅಂತ ಶುರುವಾದರೆ ಆ ದನಿ ಸರ್ವರಿನಿಂದ ಹರಿದು ಬರುತ್ತಿದ್ದದ್ದು. ಸರ್ವರ್ ಮುಚ್ಚಿದ್ದರೆ ಸಿಗುವುದು ತುಂಬಾ ಕಷ್ಟ.

ಒಳಗೆ ಏನಿದೆ ಅಂತ ನೋಡಿಕೊಳ್ಳಿ

ಆರ್‌ಎಂ ಅನ್ನುವುದು ಡಬ್ಬಿಯ ಹೆಸರು. ಒಳಗಿನ ತಿಂಡಿ ಬೇರೆ ಬೇರೆ ಇರಬಹುದು. ಆ ತಿಂಡಿಗೆ, ಅಂದರೆ ದನಿಯನ್ನು ಕುಗ್ಗಿಸಿ ಮತ್ತೆ ಬಿಚ್ಚುವ ವಿಧಾನಕ್ಕೆ, ಕೋಡೆಕ್ ಅನ್ನುತ್ತಾರೆ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ, ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ‘ಹಳೇ ರಿಯಲ್ ಕೋಡೆಕ್ ಪ್ಯಾಕ್’ ಅಂತ ಅಲ್ಲಿ ಇಲ್ಲಿ ಸಿಗುವುದನ್ನು ಖಂಡಿತ ಹಾಕಬೇಡಿ. ಅದರ ಅಗತ್ಯ ಈಗಿಲ್ಲ, ವೈರಸ್ ಬರುವ ದಾರಿ ಅದು.

ವಿಎಲ್‌ಸಿಯಲ್ಲಿ ಫೈಲ್ ಹಾಡಿಸಿ, ಕಂಟ್ರೋಲ್ ಕೀ ಜೊತೆ ಜೆ ಒತ್ತಿ. ಕೋಡೆಕ್ ಹೆಸರು, ಸ್ಯಾಂಪಲ್ ರೇಟ್ (ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದ್ದಾರೆ), ಚಾನೆಲ್ ಎಷ್ಟು (ಮೋನೊ ಅಥವಾ ಸ್ಟೀರಿಯೊ) ಎಂಬುದೆಲ್ಲ ಬರುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕು.

‘ಕುಕ್’ ಅಂತ ಬಂದರೆ ನೀವು ಅದೃಷ್ಟವಂತರು. ರಿಯಲ್‌ಆಡಿಯೊದ 1998ರ ಜಿ2 ಆವೃತ್ತಿಯೊಂದಿಗೆ ಬಂದ ಕೋಡೆಕ್ ಇದು. ಇದನ್ನು ಮಾಡಿದ ಕೆನ್ ಕುಕ್ ಅವರ ಹೆಸರೇ ಇದಕ್ಕೆ. ಸಂಗೀತಕ್ಕೂ ಆಗುತ್ತದೆ. ನಮ್ಮ ಅಜ್ಜಿಯ ಪದಗಳು ಇದರಲ್ಲೇ ಇದ್ದವು.

‘14.4’ ಅಥವಾ ‘28.8’ ಅಂತ ಬಂದರೆ ಅದು ಇನ್ನೂ ಹಳೆಯದು. ಆ ಅಂಕಿಗಳು ಆಗಿನ ಮೋಡೆಮ್‌ಗಳ ವೇಗ. ಇವೆರಡರಲ್ಲೂ ದನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆದಿರುತ್ತಾರೆ. ಅಂದರೆ 4,000 ಹರ್ಟ್ಜ್‌ಗಿಂತ ಮೇಲಿನ ಯಾವ ಸದ್ದೂ ಅದರಲ್ಲಿಲ್ಲ. ಹಳೇ ಲ್ಯಾಂಡ್‌ಲೈನ್ ಫೋನಿನ ದನಿ ನೆನಪಿದೆಯಲ್ವಾ, ಹೆಚ್ಚುಕಮ್ಮಿ ಹಾಗೆ. ‘ಸಿಪ್ರ್’ ಅನ್ನುವುದೂ ಮಾತಿಗೆಂದೇ ಮಾಡಿದ್ದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜಾನಪದ ಸಂಗ್ರಹ ಇಟ್ಟುಕೊಂಡವರಿಗೆ ಇದು ಮುಖ್ಯ. ಮಾತಿಗೆ ಮಾಡಿದ ಕೋಡೆಕ್‌ಗಳು ಮನುಷ್ಯನ ಗಂಟಲಿನ ಮಾದರಿಯೊಂದನ್ನು ಇಟ್ಟುಕೊಂಡು ಕೆಲಸ ಮಾಡುತ್ತವೆ. ಗಂಟಲಿನಿಂದ ಒಂದು ನಾದ ಹೊರಟು, ಬಾಯಿ ಅದನ್ನು ತಿದ್ದುತ್ತದೆ ಅಂತ ಲೆಕ್ಕ ಹಾಕಿ, ಆ ಲೆಕ್ಕವನ್ನಷ್ಟೇ ಬರೆದಿಡುತ್ತವೆ. ಒಬ್ಬರು ಕಥೆ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಕಾಡುಗೊಲ್ಲರ ಗಣೆಯ (ಬಿದಿರಿನ ಕೊಳಲು) ನಾದವನ್ನೋ ಉರುಮೆ ವಾದ್ಯದ ಸದ್ದನ್ನೋ ಅದಕ್ಕೆ ಕೊಟ್ಟರೆ, ಅದನ್ನೂ ಗಂಟಲೆಂದೇ ತಿಳಿದು ತಿರುಚುತ್ತದೆ. ಕಾಡುಗೊಲ್ಲರ ದೈವ ಜುಂಜಪ್ಪನ ಕಥೆಯ ಮಾತು ಸ್ಪಷ್ಟ ಇದ್ದು, ಹಿಂದಿನ ಗಣೆ ಮಾತ್ರ ಗುಳುಗುಳು ಅಂದರೆ, ನುಡಿಸಿದವರದೂ ರೆಕಾರ್ಡ್ ಮಾಡಿದವರದೂ ತಪ್ಪಲ್ಲ. ಅಂಥ ಫೈಲಿನಲ್ಲಿ ಮಾತನ್ನು ನಂಬಿ. ವಾದ್ಯದ ದನಿ ಹೀಗೇ ಇತ್ತು ಅಂತ ಯಾರಿಗೂ ಹೇಳಬೇಡಿ. ಆ ವಾದ್ಯ ನುಡಿಸುವವರು ಇನ್ನೂ ಇದ್ದರೆ, ಹೋಗಿ ಹೊಸದಾಗಿ ರೆಕಾರ್ಡ್ ಮಾಡಿ.

ಈಗ ಬದಲಿಸೋಣ

ಇಲ್ಲೇ ನಾನು ಎಡವಿದ್ದು. 2009ರಲ್ಲಿ ಈ ಸೀಡಿಯನ್ನು ಒಂದು ಕಂಪ್ಯೂಟರ್ ಅಂಗಡಿಗೆ ಕೊಟ್ಟೆ. ಅವರು ಹದಿನಾಲ್ಕನ್ನೂ ಚಿಕ್ಕ ಎಂಪಿ3 ಮಾಡಿಕೊಟ್ಟರು. ನೆಂಟರೆಲ್ಲ ಹತ್ತು ವರ್ಷ ಅದನ್ನೇ ಕೇಳಿದರು. ಅಜ್ಜಿ ಬಾವಿಯೊಳಗಿಂದ ಹಾಡಿದ ಹಾಗೆ ಕೇಳುತ್ತಿತ್ತು. ಹಳೇ ರೆಕಾರ್ಡಿಂಗ್ ಅಲ್ವಾ, ಹೀಗೇ ಇರುತ್ತದೆ ಅಂದುಕೊಂಡೆವು. ಸೀಡಿ ಮತ್ತೆ ಸಿಕ್ಕಿ ಮೂಲ ಕೇಳಿದಾಗ ಗೊತ್ತಾಯಿತು, ದನಿ ಅಷ್ಟು ಕೆಟ್ಟಿರಲಿಲ್ಲ. ಬೀಸುವ ಕಲ್ಲಿನ ಗರಗರ ಸದ್ದು ಕೂಡ ಇತ್ತು! ಎಂಪಿ3ಯಲ್ಲಿ ಅದು ಕರಗಿಹೋಗಿತ್ತು.

ಕಾರಣ ಸರಳ. ರಿಯಲ್‌ಆಡಿಯೊ ಒಮ್ಮೆ ಎಸೆದಿದೆ. ಎಂಪಿ3 ತನ್ನದೇ ಲೆಕ್ಕದಲ್ಲಿ ಮತ್ತೊಮ್ಮೆ ಎಸೆಯುತ್ತದೆ. ಆದ್ದರಿಂದ ಮೊದಲು ಎಫ್‌ಎಲ್‌ಎಸಿ, ಅಂದರೆ ಫ್ಲ್ಯಾಕ್ ಮಾಡಿ. ಫ್ಲ್ಯಾಕ್ ಏನನ್ನೂ ಎಸೆಯುವುದಿಲ್ಲ, ಅದರ ವಿವರವೆಲ್ಲ ಬಹಿರಂಗ. ಯಾವ ಕಂಪನಿ ಮುಚ್ಚಿದರೂ ತೊಂದರೆ ಇಲ್ಲ.

ವಿಎಲ್‌ಸಿಯಲ್ಲಿ ‘ಮೀಡಿಯಾ’ ಮೆನುವಿಗೆ ಹೋಗಿ ‘ಕನ್ವರ್ಟ್/ಸೇವ್’ ಒತ್ತಿ. ‘ಆ್ಯಡ್’ ಒತ್ತಿ ಫೈಲ್ ಆರಿಸಿ. ಕೆಳಗಿನ ‘ಕನ್ವರ್ಟ್/ಸೇವ್’ ಒತ್ತಿ. ಪ್ರೊಫೈಲ್ ಪಟ್ಟಿಯಲ್ಲಿ ‘ಆಡಿಯೊ - ಫ್ಲ್ಯಾಕ್’ ಆರಿಸಿ. ಪಕ್ಕದಲ್ಲಿ ಸ್ಪ್ಯಾನರ್ ಚಿತ್ರ ಇದೆ. ಅದನ್ನು ಒತ್ತಿ, ಆಡಿಯೊ ಕೋಡೆಕ್ ಭಾಗದಲ್ಲಿ ಸ್ಯಾಂಪಲ್ ರೇಟ್ ಮತ್ತು ಚಾನೆಲ್ ಚೀಟಿಯಲ್ಲಿ ಬರೆದಿದ್ದಷ್ಟೇ ಇರುವಂತೆ ನೋಡಿಕೊಳ್ಳಿ. 22,050ರ ದನಿಯನ್ನು 44,100 ಮಾಡಿದರೆ ಜಾಗ ಜಾಸ್ತಿ ಹಿಡಿಯುತ್ತದೆ, ದನಿ ಒಂದಿಷ್ಟೂ ಸುಧಾರಿಸುವುದಿಲ್ಲ. ಕೊನೆಗೆ ಎಲ್ಲಿ ಉಳಿಸಬೇಕು ಅಂತ ಕೊಟ್ಟು ‘ಸ್ಟಾರ್ಟ್’ ಒತ್ತಿ.

ಕೆಲವು ಆರ್‌ಎಂ ಫೈಲುಗಳನ್ನು ವಿಎಲ್‌ಸಿ ಹಾಡುತ್ತದೆ, ಆದರೆ ಬದಲಿಸುವಾಗ ಕೊನೆ ಕತ್ತರಿಸುತ್ತದೆ. ನನಗೆ ಎರಡು ಫೈಲಿನಲ್ಲಿ ಹೀಗಾಯಿತು. ಆಗ ಎಫ್‌ಎಫ್‌ಎಂಪೆಗ್ ಅನ್ನೇ ನೇರವಾಗಿ ಬಳಸಿ. ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ನೋಡಿ ಹೆದರಬೇಡಿ. ಫೋನಿನಲ್ಲಿ ಹೇಳಿ ಬರೆಸಿದಂತೆ ಹೇಳುತ್ತೇನೆ: ಎಫ್‌ಎಫ್‌ಎಂಪೆಗ್ ಅಂತ ಟೈಪ್ ಮಾಡಿ, ಜಾಗ ಬಿಡಿ, ಹೈಫನ್ ಹಾಕಿ ಪಕ್ಕದಲ್ಲೇ ಸಣ್ಣ ಐ ಅಕ್ಷರ, ಜಾಗ ಬಿಡಿ, ಹಳೇ ಫೈಲಿನ ಹೆಸರು, ಜಾಗ ಬಿಡಿ, ಹೊಸ ಫೈಲಿನ ಹೆಸರು. ಹೊಸ ಹೆಸರಿನ ಕೊನೆಗೆ ‘ಡಾಟ್ ಫ್ಲ್ಯಾಕ್’ ಇದ್ದರೆ ಸಾಕು, ಏನು ಮಾಡಬೇಕು ಅಂತ ಅದಕ್ಕೇ ಗೊತ್ತಾಗುತ್ತದೆ. ಫೈಲಿನ ಹೆಸರಿನೊಳಗೇ ಖಾಲಿ ಜಾಗ ಇದ್ದರೆ ಇಡೀ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಸ್ಯಾಂಪಲ್ ರೇಟ್ ಅದಾಗಿಯೇ ಮೂಲದಂತೆ ಇಟ್ಟುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ, ಒಂದು ಸಲ ಅಭ್ಯಾಸವಾದರೆ ವಿಎಲ್‌ಸಿಗಿಂತ ಇದೇ ಸುಲಭ.

ಆದ ಮೇಲೆ ಪ್ರತಿ ಫೈಲನ್ನೂ ಕೊನೆಯ ತನಕ ಕೇಳಿ. ಹಳೆಯದರ ಉದ್ದ, ಹೊಸದರ ಉದ್ದ ಒಂದೇ ಇದೆಯಾ ನೋಡಿ. ಇದಕ್ಕೆ ಅಡ್ಡದಾರಿ ಇಲ್ಲ. ಹದಿನಾಲ್ಕು ಪದ ಕೇಳಲು ನನಗೆ ಒಂದು ಭಾನುವಾರ ಹಿಡಿಯಿತು.

ದನಿ ತೊಳೆಯುವ ಆಸೆ ಬೇಡ

ಆಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ಹಿನ್ನೆಲೆ ಗದ್ದಲ ತೆಗೆಯಬಹುದು. ಸಣ್ಣ ಪ್ರಮಾಣದಲ್ಲಿ ಪರವಾಗಿಲ್ಲ. ಜಾಸ್ತಿ ಮಾಡಿದರೆ ದನಿ ನೀರಿನ ಗುಳ್ಳೆಯಂತೆ ಒಡೆಯುತ್ತದೆ. ಕುಗ್ಗಿಸಿದ ದನಿಯಲ್ಲಿ ಮೊದಲೇ ಅಂಥ ಗುಳ್ಳೆ ಇರುತ್ತದೆ, ನೀವು ಅದನ್ನು ಹೆಚ್ಚಿಸುತ್ತೀರಿ ಅಷ್ಟೆ. ನಾನು ಮಾಡಿದ್ದು ಎರಡೇ ಕೆಲಸ: ಶುರುವಿನ ಟಕ್ ಸದ್ದು ಕತ್ತರಿಸಿದೆ, ಸದ್ದು ಸ್ವಲ್ಪ ಏರಿಸಿದೆ. ಅದೂ ನಕಲಿನ ಮೇಲೆ.

ಈಗ ಎಐ ಬಳಸಿ ಹಳೇ ದನಿಯನ್ನು ಹೊಸದು ಮಾಡಿಕೊಡುತ್ತೇವೆ ಅನ್ನುವ ಸೇವೆಗಳಿವೆ. ಅವು ಕಳೆದುಹೋದದ್ದನ್ನು ಹುಡುಕಿ ತರುವುದಿಲ್ಲ, ಊಹಿಸಿ ತುಂಬುತ್ತವೆ. ಸಿನಿಮಾ ಹಾಡಿಗಾದರೆ ಇರಲಿ. ಅಜ್ಜಿಯ ದನಿಗೆ ಬೇರೆ ಯಾರದೋ ಊಹೆ ಸೇರುವುದು ನನಗೆ ಒಪ್ಪಿಗೆಯಿಲ್ಲ. ಅಂದಹಾಗೆ, ಸೀಡಿಯಲ್ಲಿ ಸಿನಿಮಾ ಹಾಡುಗಳೂ ಇದ್ದರೆ ಅವಕ್ಕೆ ಇಷ್ಟು ಕಷ್ಟಪಡಬೇಡಿ. ಅವು ಇದಕ್ಕಿಂತ ಚೆನ್ನಾಗಿ ಬೇರೆ ಕಡೆ ಸಿಗುತ್ತವೆ.

ಇಡುವುದು, ಹಂಚುವುದು

ಒಂದು ಫೋಲ್ಡರಿನಲ್ಲಿ ಮೂಲ ಆರ್‌ಎಂ, ಇನ್ನೊಂದರಲ್ಲಿ ಫ್ಲ್ಯಾಕ್, ಮೂರನೆಯದರಲ್ಲಿ ಹಂಚಲು ಎಂಪಿ3. ಎಂಪಿ3ಯನ್ನು ಫ್ಲ್ಯಾಕ್‌ನಿಂದಲೇ ಮಾಡಿ, 128 ಕೆಬಿಪಿಎಸ್‌ಗಿಂತ ಕೆಳಗಿಳಿಸಬೇಡಿ. ಮೂಲವನ್ನು ಯಾಕೆ ಇಡಬೇಕು ಅಂದರೆ, ನಾಳೆ ಫೈಲನ್ನು ಬಿಚ್ಚಿ ದನಿ ಮಾಡುವ ಇದಕ್ಕಿಂತ ಒಳ್ಳೆಯ ಸಾಧನ ಬರಬಹುದು. ಇವತ್ತಿನ ನಮ್ಮ ಕೆಲಸದಲ್ಲಿ ತಪ್ಪಿದ್ದರೆ ಮತ್ತೆ ಮೊದಲಿಂದ ಶುರು ಮಾಡಬಹುದು. 9 ಎಂಬಿಗೆ ಈಗ ಏನು ಜಾಗ ಹಿಡಿಯುತ್ತದೆ?

ಇಡೀ ಫೋಲ್ಡರಿನ ಮೂರು ಪ್ರತಿ ಇರಲಿ. ಒಂದು ನಿಮ್ಮ ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ನಮ್ಮದು ಒಂದು ದಾವಣಗೆರೆಯಲ್ಲಿದೆ, ಒಂದು ಚಿತ್ರದುರ್ಗದ ತಂಗಿಯ ಮನೆಯಲ್ಲಿದೆ, ಇನ್ನೊಂದು ಆನ್‌ಲೈನ್ ಖಾತೆಯಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಕಳಿಸಿ. ಹೆಸರು ಕೆಡದೆ ಹೋಗುತ್ತದೆ. ಹಾಡುವಾಗ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಫೈಲಿಗೆ ಹೆಸರಿಡುವಾಗ ‘ಟ್ರ್ಯಾಕ್ 3’ ಅಂತ ಇಡಬೇಡಿ. ಪದದ ಮೊದಲ ಸಾಲು, ಹಾಡಿದವರು, ಊರು, ವರ್ಷ ಇರಲಿ. ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲ್ ಇಟ್ಟು, ಕ್ಯಾಸೆಟ್ಟಿಗೆ ತುಂಬಿಸಿದ್ದು ಯಾರು, ಆರ್‌ಎಂ ಮಾಡಿದ್ದು ಯಾರು, ನೀವು ಯಾವ ತಂತ್ರಾಂಶದಲ್ಲಿ ಯಾವತ್ತು ಬದಲಿಸಿದಿರಿ ಅಂತ ಬರೆಯಿರಿ. ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ. ಇಪ್ಪತ್ತು ವರ್ಷದ ಮೇಲೆ ಇನ್ಯಾರೋ ಪರಿವರ್ತಕ ಹುಡುಕುವ ಹಾಗೆ ಆಗಬಾರದು.

ಹಾಡಿದವರ ಕಾಲದವರು ಯಾರಾದರೂ ಇದ್ದರೆ ಅವರಿಗೆ ಕೇಳಿಸಿಯೇ ಹೆಸರು ಅಂತಿಮ ಮಾಡಿ. ಅಣ್ಣನ ಪಟ್ಟಿಯಲ್ಲಿ ಆರನೆಯದು ಬೀಸುವ ಪದ ಅಂತಿತ್ತು. ಅಜ್ಜಿಯ ತಂಗಿಗೆ ಫೋನಿನಲ್ಲಿ ಹಾಡಿಸಿದೆ. ಅವರು ಎರಡು ಸಾಲು ಕೇಳಿ, ‘ಇದು ಬೀಸೋದಲ್ಲ ಕಣಪ್ಪ, ನನ್ನ ಮದುವೇಲಿ ಅರಿಶಿಣ ಹಚ್ಚುವಾಗ ಅಕ್ಕ ಹಾಡಿದ್ದು’ ಅಂದರು. ಮುಂದಿನ ಸಾಲುಗಳನ್ನು ಅವರೇ ಹಾಡಿದರು. ಆರನೇ ಫೈಲಿನ ಹೆಸರು ಬದಲಿಸಿದೆ. ಅವರು ಹಾಡಿದ್ದನ್ನೂ ಹದಿನೈದನೇ ಫೈಲಾಗಿ ಸೇರಿಸಿದ್ದೇನೆ.